ಗೋಡೆ ನಡುಗುವುದು ಬೇಡ, ಮಾತು ಕೇಳಲಿ

ಕಬ್ಬಿನ ಬಿಲ್ಲು ಕೈಸೇರುವ ಕಾಲ. ದೊಡ್ಡ ಟಿವಿ ಮನೆಗೆ ಬಂದಾಗಿದೆ, ಈಗ ಅದಕ್ಕೊಪ್ಪುವ ಸದ್ದು ಬೇಕು. ಅಂಗಡಿಯಲ್ಲಿ ವ್ಯಾಟ್ ಲೆಕ್ಕ ಹೇಳುತ್ತಾರೆ, ರಟ್ಟಿನ ಡಬ್ಬದ ಮೇಲೆ ಸಾವಿರಗಳು ಮಿಂಚುತ್ತವೆ. ಹೋಮ್ ಥಿಯೇಟರ್ ಕೊಳ್ಳುವವರು ನೋಡಬೇಕಾದ್ದು ಮಾತ್ರ ಬೇರೆ: ನಡುವಿನ ಒಂದು ಸ್ಪೀಕರ್, ಪಡಸಾಲೆಯ ಅಳತೆ, ರಿಸೀವರಿನ ಬೆನ್ನಿಗೆ ಅಂಟಿಸಿದ ಒಂದು ಪಟ್ಟಿ.

ಸಂಜೆ ಏಳರ ಹೊತ್ತು. ಕಬ್ಬು ಹೇರಿದ ಟ್ರ್ಯಾಕ್ಟರ್ ಚಿಮ್ಮಡದ ರಸ್ತೆಯಲ್ಲಿ ಕಣ್ಣಿಗೆ ಬೀಳುವ ಮೊದಲೇ ಎದೆಗೆ ತಾಕುತ್ತದೆ. ಎಂಜಿನ್ನಿನ ಗುಡುಗನ್ನೂ ಮೀರಿ ಬರುವುದು ಡ್ರೈವರನ ಹಿಂದೆ ಬಿಗಿದ ಬಾಕ್ಸುಗಳ ಬೇಸ್. ಎರಡು ಟ್ರೇಲರ್ ಎಳೆದುಕೊಂಡು ಅದು ಸಕ್ಕರೆ ಕಾರ್ಖಾನೆಯ ಕಡೆ ಹೊರಳುವಷ್ಟರಲ್ಲಿ ಓಣಿಯ ಕಿಟಕಿ ಗಾಜುಗಳು ಝಲ್ಲೆಂದಿರುತ್ತವೆ, ಅಡುಗೆಮನೆಯ ತಾಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿರುತ್ತವೆ.

ಪಡಸಾಲೆಯಲ್ಲಿ ಹೊಸ ಟಿವಿ. ಅದರ ಮುಂದೆ ಜಮಖಾನದ ಮೇಲೆ ಇಡೀ ಮನೆಮಂದಿ. "ಏನಂದಾ ಅಂವಾ?" ಎಂದು ಅಜ್ಜ ಕೇಳುತ್ತಾನೆ. ಮೊಮ್ಮಗ ವಾಲ್ಯೂಮ್ ಏರಿಸುತ್ತಾನೆ. ಮರುಕ್ಷಣ ಹೊಡೆದಾಟದ ದೃಶ್ಯ ಬರುತ್ತದೆ. "ಯಪ್ಪಾ, ಸಣ್ಣ ಮಾಡೋ ಅದನ್ನ" ಎಂದು ಒಳಗಿನಿಂದ ಅವ್ವ ಕೂಗುತ್ತಾಳೆ. ಇಳಿಸಿದರೆ ಮತ್ತೆ ಮಾತು ಮಾಯ. ಟ್ರ್ಯಾಕ್ಟರ್ ದಾಟಿ ಹೋದ ಮೇಲೂ ಅಜ್ಜನ ಪ್ರಶ್ನೆ ಹಾಗೇ ಉಳಿಯುತ್ತದೆ.

ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಬಹಳಷ್ಟು ಮನೆಗಳಲ್ಲಿ ನಡೆಯುವ ಸಂಗತಿ ಇದು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಪರದೆ ಹಿಗ್ಗಿತು. ಆದರೆ ಟಿವಿ ತೆಳ್ಳಗಾದಷ್ಟೂ ಅದರೊಳಗಿನ ಸ್ಪೀಕರಿಗೆ ಜಾಗ ಇಲ್ಲವಾಯಿತು. ಬೆರಳುದ್ದದ ಪುಟ್ಟ ಸ್ಪೀಕರುಗಳು ನೆಲಕ್ಕೋ ಗೋಡೆಗೋ ಮುಖ ಮಾಡಿ ಕೂತಿರುತ್ತವೆ. ಹಾಗಾಗಿ 'ಕಾಂತಾರ'ವನ್ನು ಥಿಯೇಟರಿನಲ್ಲಿ ನೋಡಿ ಮೈನವಿರೆದ್ದವರಿಗೆ ಅದೇ ಚಿತ್ರ ಮನೆಯಲ್ಲಿ ಸಪ್ಪೆ ಅನಿಸುತ್ತದೆ. ಆಗ ಹೋಮ್ ಥಿಯೇಟರಿನ ಮಾತು ಶುರುವಾಗುತ್ತದೆ.

ಐದು ಸಾವಿರ ವ್ಯಾಟಿನ ಡಬ್ಬ

ನಮ್ಮ ಕಡೆ ಮದುವೆ ಮೆರವಣಿಗೆಗೂ ಗಣಪತಿ ಕಳಿಸುವಾಗಲೂ ಡಾಲ್ಬಿ ಹಚ್ಚುತ್ತಾರೆ. ಲಾರಿಯ ಮೇಲೆ ಆಳೆತ್ತರ ಪೇರಿಸಿದ ಬಾಕ್ಸುಗಳು ಅವು. ಅದನ್ನೇ ಕಿವಿಯಲ್ಲಿ ಇಟ್ಟುಕೊಂಡು ಅಂಗಡಿಗೆ ಹೋದರೆ ಮಾತುಕತೆ ಹೀಗೆ ನಡೆಯುತ್ತದೆ.

"ಅಣ್ಣಾರ, ಇದು ಎಷ್ಟ್ ವ್ಯಾಟ್ ಐತ್ರಿ?"

"ಐದ್ ಸಾವಿರ ಐತ್ರಿ. ಹಚ್ಚಿದ್ರ ಗ್ವಾಡಿ ನಡಗತಾವ ನೋಡ್ರಿ."

ಆ ಐದು ಸಾವಿರವನ್ನು ಅಲ್ಲೇ ನಿಂತು ಪರೀಕ್ಷಿಸಬಹುದು. ಮನೆಯ ವಿದ್ಯುತ್ತು 230 ವೋಲ್ಟ್. ಐದು ಸಾವಿರ ವ್ಯಾಟ್ ನಿಜವಾಗಿಯೂ ಹೊರಬರಬೇಕಾದರೆ ಕನಿಷ್ಠ 22 ಆಂಪಿಯರ್ ಎಳೆಯಬೇಕು. ಟಿವಿ ಪಕ್ಕದ ಚಿಕ್ಕ ಪ್ಲಗ್ ಇರುವುದು 6 ಆಂಪಿಯರಿಗೆ; ಅದರಿಂದ ಸಿಗುವುದು ಹೆಚ್ಚೆಂದರೆ 1,380 ವ್ಯಾಟ್. ಸೆಟ್ಟನ್ನು ತಿರುಗಿಸಿ ಬೆನ್ನಿಗೆ ಅಂಟಿಸಿದ ಪಟ್ಟಿ ಓದಿ. 'ಪವರ್ ಕನ್ಸಂಪ್ಷನ್' ಎಂಬಲ್ಲಿ 60 ವ್ಯಾಟ್ ಎಂದಿದ್ದರೆ, ಅಷ್ಟೇ ವಿದ್ಯುತ್ತು ಒಳಹೋಗುವ ಯಂತ್ರದಿಂದ ಸಾವಿರಗಟ್ಟಲೆ ಹೊರಬರುವುದು ಯಾವ ಲೆಕ್ಕದಲ್ಲೂ ಸಾಧ್ಯವಿಲ್ಲ.

ಡಬ್ಬದ ಮೇಲಿನ ಆ ದೊಡ್ಡ ಅಂಕಿಗೆ ಪಿಎಂಪಿಒ ಎನ್ನುತ್ತಾರೆ. ಅದನ್ನು ಅಳೆಯುವ ಒಪ್ಪಿತ ಕ್ರಮವೇ ಇಲ್ಲ, ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ಕೇಳಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಬಿಡದೆ ಕೊಡಬಲ್ಲ ಶಕ್ತಿ. ರಿಪೇರಿ ಅಂಗಡಿಯಲ್ಲಿ ಅಗ್ಗದ ಹಳೆಯ ಆಂಪ್ಲಿಫಯರಿನ ಮುಚ್ಚಳ ಬಿಚ್ಚಿದಾಗ ಹಣಿಕಿ ನೋಡಿ. ಅಲ್ಯೂಮಿನಿಯಂ ಪಟ್ಟಿಗೆ ಸ್ಕ್ರೂ ಹಾಕಿ ಬಿಗಿದ ಒಂದು ಕಪ್ಪು ಐಸಿ ಕಾಣುತ್ತದೆ. ಬಹಳ ಸಲ ಅದು ಎಲ್‌ಎ 4440, ರಿಪೇರಿಯವರ ಬಾಯಲ್ಲಿ ಬರೀ 'ಫೋರ್ಟಿ-ಫೋರ್ಟಿ'. ಅದರ ತಯಾರಕರೇ ಹೇಳುವಂತೆ ಸ್ಟೀರಿಯೊದಲ್ಲಿ ಅದರ ಶಕ್ತಿ 6 ಮತ್ತು 6 ವ್ಯಾಟ್, ಎರಡನ್ನೂ ಸೇರಿಸಿ ದುಡಿಸಿದರೆ 19.

ಹೆಸರಾಂತ ಕಂಪನಿಗಳ ರಿಸೀವರಿನಲ್ಲೂ ಸಣ್ಣ ಅಕ್ಷರ ಓದಬೇಕು. '100 ವ್ಯಾಟ್' ಎಂದು ದೊಡ್ಡದಾಗಿ ಬರೆದು, ಕೆಳಗೆ 'ಒಂದು ಚಾನೆಲ್, 1 ಕಿಲೋಹರ್ಟ್ಸ್, 6 ಓಮ್, ಶೇ 10 ವಿರೂಪ' ಎಂದಿದ್ದರೆ ಆ ನೂರು ಬಹಳ ಸಡಿಲವಾದ ನೂರು. 'ಎರಡು ಚಾನೆಲ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 8 ಓಮ್, ಶೇ 0.08 ವಿರೂಪ' ಎಂಬ ಷರತ್ತಿನಲ್ಲಿ 70 ಎಂದಿದ್ದರೂ ಅದೇ ಮೇಲು.

ಅಷ್ಟಕ್ಕೂ ಎಷ್ಟು ವ್ಯಾಟ್ ಬೇಕು? ಸ್ಪೀಕರಿನ ವಿವರಪತ್ರದಲ್ಲಿ 'ಸೆನ್ಸಿಟಿವಿಟಿ 88 ಡೆಸಿಬೆಲ್' ಎಂದಿದೆ ಎನ್ನಿ. ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಸದ್ದು ಬರುತ್ತದೆ ಎಂದು ಅದರ ಅರ್ಥ. ಮೂರು ಮೀಟರ್ ಹಿಂದೆ ಕೂತರೆ ಅದು ಸುಮಾರು 78ಕ್ಕೆ ಇಳಿದೀತು, ಗೋಡೆಗಳಿಂದ ಮರಳುವ ಸದ್ದು ಸೇರಿದರೆ ಇನ್ನೂ ತುಸು ಹೆಚ್ಚೇ ಇದ್ದೀತು. ಎದುರುಬದುರು ಕೂತು ಆಡುವ ಮಾತು 60ರ ಆಸುಪಾಸು. ಅಂದರೆ ಸಿನಿಮಾದ ಬಹುಪಾಲು ಹೊತ್ತು ಒಂದು ಸ್ಪೀಕರ್ ಉಣ್ಣುವುದು ಒಂದೆರಡು ವ್ಯಾಟ್ ಮಾತ್ರ. ಉಳಿದ ಶಕ್ತಿ ಗುಡುಗು, ಸ್ಫೋಟ, ನಗಾರಿಯ ಏಟಿನಂಥ ಕ್ಷಣಗಳಿಗೆ ಮೀಸಲು.

> ವ್ಯಾಟ್‌ಗಿಂತ ಡೆಸಿಬೆಲ್
>
> ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. 50 ವ್ಯಾಟಿನ ಸೆಟ್ಟಿಗೂ 100 ವ್ಯಾಟಿನ ಸೆಟ್ಟಿಗೂ ಕಿವಿಗೆ ಸಿಗುವ ಅಂತರ ಅಷ್ಟೇ.
>
> ಸದ್ದು ಇಮ್ಮಡಿಯಾದಂತೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು.
>
> 84 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರಿನ ಬದಲು 90ರದ್ದನ್ನು ಆರಿಸಿದರೆ ಅದೇ ಸದ್ದಿಗೆ ಕಾಲುಭಾಗ ಶಕ್ತಿ ಸಾಕು.

ಮಗ್ಗದ ಊರಿನ ಕಿವಿ

ರಬಕವಿ, ಬನಹಟ್ಟಿಯ ಓಣಿಗಳಲ್ಲಿ ನಡೆದವರಿಗೆ ಪಾವರ್‌ಲೂಮಿನ ಖಟಪಟ ಹೊಸದಲ್ಲ. ಲಾಳಿ ಓಡುವ ಮಗ್ಗಗಳು ಸಾಲಾಗಿ ನಡೆಯುವ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ನಮ್ಮ ದೇಶದ ಕಾರ್ಖಾನೆ ನಿಯಮಗಳು ದಿನಕ್ಕೆ ಎಂಟು ತಾಸಿಗೆ ಇಟ್ಟಿರುವ ಮಿತಿಯೂ 90. ಅಂಥ ಶೆಡ್ಡಿನಲ್ಲಿ ಆಯುಷ್ಯ ಸವೆಸಿದವರ ಕಿವಿ ಮೊದಲು ಸೋಲುವುದು 4 ಕಿಲೋಹರ್ಟ್ಸಿನ ಆಸುಪಾಸಿನಲ್ಲಿ.

ಸ, ಶ, ಚ, ತ ಇಂಥ ವ್ಯಂಜನಗಳ ಕೊರೆತ ಇರುವುದೂ ಅದರ ನೆರೆಹೊರೆಯಲ್ಲೇ. ಸ್ವರಗಳು ಕೆಳಗಿನ ಕಂಪನದವು, ಅವು ಕೇಳುತ್ತವೆ. ಹಾಗಾಗಿ ಹಿರಿಯರಿಗೆ ಟಿವಿಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ, ಏನೆಂದರು ಎಂಬುದು ಗೊತ್ತಾಗುವುದಿಲ್ಲ. ವಾಲ್ಯೂಮ್ ಏರಿಸಿದರೆ ಇದು ಪರಿಹಾರವಾಗದು. ಬೇಸ್ ಹೆಚ್ಚಿದಷ್ಟೂ ಕೆಳಗಿನ ಕಂಪನಗಳು ಮೇಲಿನವನ್ನು ಮುಚ್ಚಿಹಾಕುತ್ತವೆ. ಕಿವಿಯ ರಚನೆಯೇ ಹಾಗಿದೆ. ಗೋಡೆ ನಡುಗಿಸುವ ಸೆಟ್ ತಂದ ಮನೆಯಲ್ಲಿ ಅಜ್ಜನಿಗೆ ಮೊದಲಿಗಿಂತ ಕಡಿಮೆ ಕೇಳುವುದಕ್ಕೆ ಕಾರಣ ಇದು.

ಶ್ರೀಕೃಷ್ಣ ಪಾರಿಜಾತವನ್ನು ಬೆಳಗಿನ ತನಕ ಕೂತು ಕೇಳಿದ ಸೀಮೆ ನಮ್ಮದು. ಕೌಜಲಗಿ ನಿಂಗಮ್ಮನಂಥ ಕಲಾವಿದರ ಆಟದಲ್ಲಿ ಜನ ಕಾದಿದ್ದದ್ದು ಮಾತಿಗೆ, ಮಾತಿನ ಮರುಮಾತಿಗೆ. ಅಂಥವರ ಮನೆಗೆ ಬರುವ ಸ್ಪೀಕರಿನಲ್ಲಿ ಮಾತೇ ಮುಳುಗಿದರೆ ಆ ಹಣ ವ್ಯರ್ಥ ಎಂದೇ ನಾನು ತಿಳಿದಿದ್ದೇನೆ.

ಸಿನಿಮಾದ ಮಾತೆಲ್ಲ ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ, ಅಂದರೆ ಸೆಂಟರಿನಿಂದ. 5.1 ಎಂದರೆ ಮುಂದೆ ಎಡ, ನಡು, ಬಲ ಮೂರು, ಪಕ್ಕಕ್ಕೆ ಎರಡು ಸರೌಂಡ್, ಜತೆಗೆ ಬೇಸಿಗೊಂದು ಸಬ್‌ವೂಫರ್. ಈ ಆರರಲ್ಲಿ ಹಣ ಹೆಚ್ಚು ಸುರಿಯಬೇಕಾದ್ದು ಸೆಂಟರಿಗೆ, ಆಮೇಲೆ ಅದರ ಎಡಬಲಕ್ಕೆ. ಅಂಗಡಿಯ ಜೋಡಣೆಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಆಳೆತ್ತರದ ಎರಡು ಟವರ್ ತೋರಿಸಿ, ನಡುವೆ ಅಂಗೈಯಗಲದ ಸೆಂಟರ್ ಇಟ್ಟುಬಿಡುತ್ತಾರೆ. ಟವರ್ ಬಿಡಿ. ಅದೇ ಹಣಕ್ಕೆ ಒಂದೇ ಕಂಪನಿಯ ಒಂದೇ ಶ್ರೇಣಿಯ ಒಳ್ಳೆಯ ಸೆಂಟರ್ ಮತ್ತು ಎರಡು ಬುಕ್‌ಶೆಲ್ಫ್ ಸ್ಪೀಕರ್ ಸಿಗುತ್ತವೆ. ಮೂರೂ ಒಂದೇ ಶ್ರೇಣಿಯವಾದರೆ ಪರದೆಯ ಎಡದಿಂದ ಬಲಕ್ಕೆ ಓಡುವ ಬಸ್ಸಿನ ಸದ್ದು ನಡುವೆ ಬಣ್ಣ ಬದಲಿಸುವುದಿಲ್ಲ.

ಸೆಂಟರ್ ಇಲ್ಲದೆಯೂ ನಡೆಯುತ್ತದೆ ಎಂದು ಕೆಲವರು ಹೇಳುವುದುಂಟು. ರಿಸೀವರಿನಲ್ಲಿ 'ಸೆಂಟರ್ ಇಲ್ಲ' ಎಂದು ಆರಿಸಿದರೆ ಮಾತು ಎಡಬಲಗಳಲ್ಲಿ ಸಮನಾಗಿ ಹಂಚಿಕೊಂಡು ನಡುವಿನಿಂದ ಬಂದಂತೆ ಅನಿಸುತ್ತದೆ. ಸರಿಯಾಗಿ ನಟ್ಟನಡುವೆ ಕೂತ ಒಬ್ಬರಿಗೋ ಇಬ್ಬರಿಗೋ ಅದು ನಿಜ. ಆದರೆ ನಮ್ಮ ಪಡಸಾಲೆಯಲ್ಲಿ ಹಾಗೆ ಕೂರುವವರು ಯಾರು? ಗೋಡೆಯಿಂದ ಗೋಡೆಗೆ ಜಮಖಾನ ಹಾಸಿ ಮನೆಮಂದಿ, ಪಕ್ಕದ ಮನೆಯವರು, ಹುಡುಗರು ಸಾಲಾಗಿ ಕೂತಿರುತ್ತಾರೆ. ಅಂಚಿನಲ್ಲಿ ಕೂತವರಿಗೆ ಎಲ್ಲ ಮಾತೂ ಹತ್ತಿರದ ಸ್ಪೀಕರಿನಿಂದಲೇ ಬರುತ್ತದೆ. ಹೀಗೆ ಕೂರುವ ಮನೆಗೆ ಸೆಂಟರ್ ಬೇಕೇ ಬೇಕು.

ಎತ್ತರದ ಮಾತೂ ಇದೆ. ಟಿವಿಯನ್ನು ಷೋಕೇಸಿನ ಮೇಲ್ಗಡೆ ಇಟ್ಟು ಸೆಂಟರನ್ನು ಅದರ ತಲೆಯ ಮೇಲೆ ಕೂರಿಸುವುದು ರೂಢಿ. ಸೋಫಾದಲ್ಲಿ ಕೂತವರ ಕಿವಿ ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದವರದ್ದು ಎರಡೂವರೆ ಅಡಿ. ಐದಡಿ ಮೇಲಿಟ್ಟ ಸ್ಪೀಕರಿನ ವ್ಯಂಜನಗಳು ತಲೆಯ ಮೇಲೆ ಹಾದು ಹಿಂದಿನ ಗೋಡೆಗೆ ಹೋಗುತ್ತವೆ. ಸೆಂಟರ್ ಟಿವಿಯ ಕೆಳಗಿರಲಿ, ಟ್ವೀಟರ್ ಕೂತವರ ಮುಖ ನೋಡುವಂತೆ ಅದರ ಅಡಿಗೆ ಒಂದು ಕಟ್ಟಿಗೆ ತುಂಡು ಇಟ್ಟು ಓರೆ ಮಾಡಿ. ಬಿಡಿಗಾಸು ಖರ್ಚಿಲ್ಲದ ಈ ಕೆಲಸದಿಂದ ಮಾತು ಎಷ್ಟು ತಿಳಿಯಾಗುತ್ತದೆಂದು ಮಾಡಿಯೇ ನೋಡಬೇಕು.

ರಿಸೀವರ್ ಎಂಬ ತೂಬು

ಘಟಪ್ರಭಾ ಕಾಲುವೆಯ ನೀರು ಕಂಡವರಿಗೆ ರಿಸೀವರಿನ ಕೆಲಸ ವಿವರಿಸುವುದು ಸುಲಭ. ಸೆಟ್‌ಟಾಪ್ ಬಾಕ್ಸು, ಟಿವಿಯ ಒಟಿಟಿ, ಪೆನ್‌ಡ್ರೈವ್, ಡಿಸ್ಕ್ ಪ್ಲೇಯರ್ ಎಲ್ಲದರಿಂದಲೂ ಬರುವ ಸದ್ದನ್ನು ಒಂದೆಡೆ ನಿಲ್ಲಿಸಿ, ಯಾವ ಸ್ಪೀಕರಿಗೆ ಎಷ್ಟು ಬಿಡಬೇಕೆಂದು ನಿರ್ಧರಿಸುವ ತೂಬು ಅದು. ಡಾಲ್ಬಿ, ಡಿಟಿಎಸ್ ಎಂಬ ಕ್ರಮಗಳಲ್ಲಿ ಅಡಕವಾಗಿ ಬರುವ ಸದ್ದನ್ನು ಬಿಚ್ಚುವುದು, ಬಲ ತುಂಬುವುದು, ಚಿತ್ರವನ್ನು ಟಿವಿಗೆ ದಾಟಿಸುವುದು ಮೂರೂ ಅದರದೇ.

ಡೆನಾನ್, ಯಮಾಹಾ, ಸೋನಿ, ಆಂಕ್ಯೋ, ಮರಾಂಟ್ಜ್ ಹೆಸರುಗಳು ಭಾರತದಲ್ಲಿ ಪರಿಚಿತ. ಒಂದೇ ದರದ ಮಟ್ಟದಲ್ಲಿ ಇವುಗಳ ಆಂಪ್ಲಿಫಯರುಗಳ ಅಂತರ ಸಣ್ಣದು. ಅಂತರ ಎದ್ದು ಕಾಣುವುದು ಕೋಣೆಯನ್ನು ಅಳೆದು ಸದ್ದು ತಿದ್ದುವ ವ್ಯವಸ್ಥೆಯಲ್ಲಿ. ಡೆನಾನ್, ಮರಾಂಟ್ಜ್‌ನಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಾವೋ, ದುಬಾರಿ ಮಾದರಿಗಳಲ್ಲಿ ಕೆಲವಕ್ಕೆ ಡೈರಾಕ್. ಡಬ್ಬದಲ್ಲಿ ಒಂದು ಪುಟ್ಟ ಮೈಕ್ ಕೊಟ್ಟಿರುತ್ತಾರೆ. ಅದನ್ನು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಇಟ್ಟರೆ ರಿಸೀವರ್ ಪ್ರತಿ ಸ್ಪೀಕರಿನಿಂದಲೂ ಪರೀಕ್ಷೆಯ ಸದ್ದು ಹೊರಡಿಸಿ ದೂರ, ಮಟ್ಟ, ಕೋಣೆಯ ಗುಣ ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಎಷ್ಟೋ ಮನೆಗಳಲ್ಲಿ ಆ ಮೈಕ್ ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬಂದಿರುವುದೇ ಇಲ್ಲ. ದುಡ್ಡು ಕೊಟ್ಟು ತಂದ ಅರ್ಧ ಗುಣ ಆ ಚೀಲದಲ್ಲೇ ಉಳಿಯುತ್ತದೆ. ಓಣಿಯ ಮಗ್ಗ ನಿಂತ, ಕಬ್ಬಿನ ಗಾಡಿ ಓಡಾಡದ ಹೊತ್ತು ನೋಡಿ ಈ ಅಳತೆ ಮಾಡಿ. ನೆಲದ ಮೇಲೆ ಕೂರುವ ಮನೆಯಾದರೆ ಮೈಕ್ ಎರಡೂವರೆ ಅಡಿಗಿರಲಿ, ಸೋಫಾದ ಎತ್ತರಕ್ಕೆ ಬೇಡ.

ಟಿವಿಗೂ ರಿಸೀವರಿಗೂ ಎಚ್‌ಡಿಎಂಐ ತಂತಿ ಒಂದೇ ಸಾಕು, ಟಿವಿಯ 'ಆರ್ಕ್' ಅಥವಾ 'ಇ-ಆರ್ಕ್' ಎಂದು ಬರೆದ ಕಿಂಡಿಗೆ ಚುಚ್ಚಬೇಕು. ಇ-ಆರ್ಕ್ ಇಲ್ಲದ ಟಿವಿ ಹಳೆಯದಾಯಿತೆಂದು ಹೆದರಿಸುವವರ ಮಾತಿಗೆ ಬೀಳಬೇಡಿ. ಒಟಿಟಿಯಲ್ಲಿ ಬರುವ ಡಾಲ್ಬಿ ಡಿಜಿಟಲ್ ಪ್ಲಸ್, ಅದರೊಳಗಿನ ಆಟ್ಮೋಸ್ ಕೂಡ ಸಾಮಾನ್ಯ ಆರ್ಕ್‌ನಲ್ಲಿ ಸಾಗಬಲ್ಲದು, ಟಿವಿ ಅದನ್ನು ದಾಟಿಸಿದರೆ ಸಾಕು. ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿಯಂಥ ಭಾರೀ ಸದ್ದನ್ನು ಟಿವಿಯ ಮೂಲಕ ಹಾಯಿಸುವವರಿಗೆ ಮಾತ್ರ ಇ-ಆರ್ಕ್ ಬೇಕು.

ಇನ್ನು ತಲೆಯ ಮೇಲಿನಿಂದ ಮಳೆ ಸುರಿಸುವ ಆಟ್ಮೋಸ್. ಛಾವಣಿಗೆ ಸದ್ದು ಹೊಡೆದು ಕೆಳಗೆ ಮರಳಿಸುವ ಸ್ಪೀಕರುಗಳನ್ನು ಈಗ ಉತ್ಸಾಹದಿಂದ ಮಾರುತ್ತಾರೆ. ಅವು ಕೆಲಸ ಮಾಡಲು ಮೇಲ್ಛಾವಣಿ ನುಣುಪಾಗಿ, ಮಟ್ಟಸವಾಗಿ, ಎಂಟರಿಂದ ಹನ್ನೆರಡು ಅಡಿ ಎತ್ತರದಲ್ಲಿರಬೇಕು. ಆರ್‌ಸಿಸಿ ಸ್ಲ್ಯಾಬಿನ ಹೊಸ ಮನೆಗೆ ಸರಿ. ತೊಲೆ, ಜಂತಿ ಹಾಕಿ ಮಣ್ಣು ಹೊದಿಸಿದ ಮಾಳಿಗೆ ಮನೆಯಲ್ಲಿ ಸದ್ದು ಜಂತಿಗಳ ನಡುವೆ ಚದುರಿಹೋಗುತ್ತದೆ. ತಗಡಿನ ಶೆಡ್ಡಿನ ಮಾತು ಬಿಡಿ. ಮೊದಲು ಒಳ್ಳೆಯ 5.1 ನಿಲ್ಲಲಿ, ಆಟ್ಮೋಸ್ ಆಮೇಲೆ ನೋಡೋಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾಳಿಗೆ ಮನೆಯೇ ಮೇಲು

ಸದ್ದಿನ ವಿಷಯದಲ್ಲಿ ಹಳೆಯ ಮಾಳಿಗೆ ಮನೆ ಹೊಸ ಬಂಗಲೆಯನ್ನು ಸೋಲಿಸುವುದೂ ಉಂಟು. ದಪ್ಪ ಮಣ್ಣಿನ ಗೋಡೆ ಒರಟು, ಜಂತಿಗಳು ಉಬ್ಬುತಗ್ಗು, ಮೂಲೆಯಲ್ಲಿ ಜೋಳದ ಚೀಲ, ಹಾಸಿಗೆ ಸುರುಳಿ. ಇವೆಲ್ಲ ಸದ್ದನ್ನು ಹೀರುತ್ತವೆ, ಚದುರಿಸುತ್ತವೆ. ಹೊಸ ಮನೆಯಲ್ಲಿ ಹೊಳೆಯುವ ಟೈಲ್ಸ್ ನೆಲ, ಪುಟ್ಟಿ ಬಳಿದ ಗೋಡೆ, ಗಾಜಿನ ಕಿಟಕಿ. ಚಪ್ಪಾಳೆ ತಟ್ಟಿ ನೋಡಿ, ಝೇಂಕರಿಸಿದರೆ ಮಾತಿನ ಒಂದೊಂದು ಅಕ್ಷರವೂ ಮುಂದಿನದರ ಮೇಲೆ ಉರುಳಿ ಬೀಳುತ್ತಿದೆ ಎಂದರ್ಥ. ಆಗ ಎಷ್ಟು ದುಬಾರಿ ಸ್ಪೀಕರಾದರೂ ಮಾತು ಕಲಸಿಹೋಗುತ್ತದೆ.

ಇದಕ್ಕೆ ಪೇಟೆಯ ಫೋಮ್ ತರಬೇಕಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಇಟ್ಟು ಹೊಲಿದ ಕೌದಿ ಮನೆಯಲ್ಲೇ ಇದೆ. ಸ್ಪೀಕರಿಗೂ ಕೂರುವ ಜಾಗಕ್ಕೂ ನಡುವಿನ ಬರಿ ನೆಲದ ಮೇಲೆ ದಪ್ಪ ಜಮಖಾನ ಹಾಸಿ. ಹಿಂದಿನ ಗೋಡೆಗೆ ಒಂದು ಕೌದಿ ತೂಗುಹಾಕಿ, ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ಬಾಗಿಲಿಗೆ ದಪ್ಪ ಪರದೆ. ಮಾತಿನ ಕಂಪನಗಳು ಇದರಿಂದ ತಿಳಿಯಾಗುತ್ತವೆ. ಬೇಸಿಗೆ ಮಾತ್ರ ಕೌದಿ ಸಾಲದು. ಅದರ ಅಲೆಗಳು ಬಹಳ ಉದ್ದ: 80 ಹರ್ಟ್ಸಿನ ಒಂದು ಅಲೆ 4.3 ಮೀಟರ್, ಹದಿನಾಲ್ಕು ಅಡಿ.

ಹಳೆಯ ಮನೆಗಳ ಗೋಡೆಯ ಮಾಡಗಳಲ್ಲಿ ಸರೌಂಡ್ ಸ್ಪೀಕರ್ ಇಡಬಹುದು, ಚೆನ್ನಾಗಿಯೂ ಕಾಣುತ್ತದೆ. ಸ್ಪೀಕರಿನ ಬೆನ್ನಲ್ಲಿ ಗಾಳಿ ಹೋಗುವ ದುಂಡನೆಯ ತೂತಿದ್ದರೆ ಮಾತ್ರ ಅದು ಗುಮ್ಮೆನ್ನುತ್ತದೆ. ಆ ತೂತಿಗೆ ಒಂದು ಬಟ್ಟೆಯ ಸುರುಳಿ ತುರುಕಿದರೆ ಹದಕ್ಕೆ ಬರುತ್ತದೆ. ಸರೌಂಡ್‌ಗಳ ಜಾಗ ಕೂತವರ ಅಕ್ಕಪಕ್ಕದಲ್ಲಿ, ತುಸು ಹಿಂದಕ್ಕೆ. ಮುಂದಿನ ಎಡಬಲಗಳು ನಟ್ಟನಡುವಿನಿಂದ 30 ಡಿಗ್ರಿ ಓರೆಗೆ, ಸರೌಂಡ್‌ಗಳು 110 ಡಿಗ್ರಿಗೆ ಇರಲಿ ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ.

ಸಬ್‌ವೂಫರ್ ಎಲ್ಲಿಡಬೇಕು?

ಮೂಲೆಗೆ, ಎನ್ನುತ್ತಾರೆ ಎಲ್ಲರೂ. ಮೂಲೆಯಲ್ಲಿ ಸದ್ದು ಹೆಚ್ಚುವುದು ನಿಜ, ಅದರೊಂದಿಗೆ ಗುಂಯ್‌ಗುಡುವುದೂ ಹೆಚ್ಚುತ್ತದೆ.

ಹನ್ನೆರಡಕ್ಕೆ ಹದಿನಾಲ್ಕಡಿಯ, ಹತ್ತಡಿ ಎತ್ತರದ ಪಡಸಾಲೆ ಎಂದುಕೊಳ್ಳಿ. ಎದುರುಬದುರು ಗೋಡೆಗಳ ನಡುವೆ ಬೇಸಿನ ಅಲೆ ಸಿಕ್ಕಿಕೊಂಡು ನಿಲ್ಲುತ್ತದೆ: ಹದಿನಾಲ್ಕಡಿಯ ಉದ್ದಕ್ಕೆ 40 ಹರ್ಟ್ಸ್, ಹನ್ನೆರಡಡಿಗೆ 47, ನೆಲ ಛಾವಣಿಗಳ ನಡುವೆ 56. ಈ ಕಂಪನಗಳು ಕೋಣೆಯ ಒಂದೆಡೆ ಉಬ್ಬುತ್ತವೆ, ಇನ್ನೊಂದೆಡೆ ಇಲ್ಲವೇ ಇಲ್ಲ ಎನ್ನುವಷ್ಟು ಕುಗ್ಗುತ್ತವೆ. ಉದ್ದ ಅಗಲ ಸಮನಾಗಿರುವ ಚೌಕ ಕೋಣೆಯಲ್ಲಿ ಎರಡು ಉಬ್ಬರ ಒಂದೇ ಕಂಪನದ ಮೇಲೆ ಬಿದ್ದು ಕಾಟ ಇಮ್ಮಡಿಯಾಗುತ್ತದೆ.

ಒಂದು ಹಳೆಯ ಉಪಾಯವಿದೆ. ಸಬ್‌ವೂಫರನ್ನೇ ನೀವು ಕೂರುವ ಜಾಗದಲ್ಲಿ ಇಡಿ. ಬೇಸ್ ಒಂದೇ ಸಮ ಬರುವ ಹಾಡು ಹಚ್ಚಿ. ಆಮೇಲೆ ಗೋಡೆಗುಂಟ ಮಂಡಿಯೂರಿ, ಕಿವಿಯನ್ನು ನೆಲದ ಹತ್ತಿರ ಇಟ್ಟು ಸರಿಯುತ್ತ ಹೋಗಿ. ಒಂದೆಡೆ ಗುಮ್ಮೆನ್ನುತ್ತದೆ, ಒಂದೆಡೆ ಬರಿದಾಗುತ್ತದೆ, ಒಂದೆಡೆ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಆ ಮೂರನೆಯ ಜಾಗವೇ ಸಬ್‌ವೂಫರಿನದು. ಇದಾದ ಮೇಲೆ ರಿಸೀವರಿನಲ್ಲಿ ಉಳಿದ ಸ್ಪೀಕರುಗಳನ್ನು 'ಸ್ಮಾಲ್' ಎಂದು ಆರಿಸಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡಿ. ಅದರ ಕೆಳಗಿನ ಸದ್ದು ಎಲ್ಲಿಂದ ಬಂತೆಂದು ಕಿವಿ ಗುರುತಿಸಲಾರದು, ಹಾಗಾಗಿ ಸಬ್‌ವೂಫರ್ ಎಲ್ಲಿದ್ದರೂ ಸದ್ದು ಪರದೆಯಿಂದಲೇ ಬಂದಂತಿರುತ್ತದೆ.

> ತಂತಿ, ಸೆಲ್, ಸಿಡಿಲು
>
> ಸ್ಪೀಕರಿಗೆ ದುಬಾರಿ ತಂತಿ ಬೇಡ. ಕರೆಂಟ್ ಸಾಮಾನಿನ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ಎರಡೆಳೆ ವೈರು ಹತ್ತು ಮೀಟರಿಗೆ ಧಾರಾಳ ಸಾಕು.
>
> ಪ್ಲಸ್-ಮೈನಸ್ ಗೊಂದಲವಾದರೆ ಒಂದೂವರೆ ವೋಲ್ಟಿನ ಸೆಲ್ ಒಂದು ಕ್ಷಣ ತಾಗಿಸಿ. ವೂಫರಿನ ಬಿಲ್ಲೆ ಮುಂದಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ಇರುವ ಕಡೆಯೇ ಸ್ಪೀಕರಿನ ಪ್ಲಸ್. ಒಂದು ಸ್ಪೀಕರ್ ತಿರುಗುಮುರುಗಾದರೂ ಬೇಸ್ ಸೊರಗುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ.
>
> ಪರದೇಶದಿಂದ ತಂದ ಅಗ್ಗದ ಸೆಟ್ಟಿನ ಬೆನ್ನ ಪಟ್ಟಿಯಲ್ಲಿ 100 ಅಥವಾ 120 ವೋಲ್ಟ್ ಎಂದಿದ್ದರೆ ನಮ್ಮ ಪ್ಲಗ್ಗಿಗೆ ನೇರವಾಗಿ ಚುಚ್ಚಲೇಬೇಡಿ.
>
> ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ರಿಸೀವರ್ ಗುಂಯ್‌ಗುಡುತ್ತದೆ, ಪ್ಯೂರ್ ಸೈನ್‌ವೇವ್ ಬೇಕು. ಗುಡುಗು ಶುರುವಾದರೆ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡಿ.

ರಿಸೀವರ್ ಕಾಯುವ ಯಂತ್ರ. ಗಾಜಿನ ಬಾಗಿಲಿನ ಷೋಕೇಸಿನಲ್ಲಿ ಪೂಜೆಯ ಫೋಟೊದಂತೆ ಮುಚ್ಚಿಟ್ಟರೆ ಅದರ ಆಯುಷ್ಯ ಕುಗ್ಗುತ್ತದೆ. ತಲೆಯ ಮೇಲೆ ನಾಲ್ಕೈದು ಇಂಚು ತೆರಪಿರಲಿ. ಕಬ್ಬಿನ ರವದಿ ಸುಡುವ ದಿನಗಳಲ್ಲಿ ಕರಿಬೂದಿ ಮನೆಯೊಳಗೂ ಹಾರಿ ಬರುತ್ತದೆ, ಬಳಸದಿರುವಾಗ ಬಟ್ಟೆ ಹೊದಿಸಿ, ಹಚ್ಚುವಾಗ ತೆಗೆಯಲು ಮರೆಯಬೇಡಿ.

ಬೀಳಗಿಯ ದನಿ

ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತೆರೆ ಕಂಡದ್ದು 1934ರಲ್ಲಿ. ಆಮೇಲೆ ದಶಕಗಳ ಕಾಲ ನಮ್ಮ ಸಿನಿಮಾದ ಸದ್ದೆಲ್ಲ ಮೋನೊ, ಪರದೆಯ ಹಿಂದಿನಿಂದ ಬರುವ ಒಂದೇ ಧಾರೆ. ಡಾಲ್ಬಿ ಡಿಜಿಟಲ್ ಬಂದದ್ದು 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಜತೆ, ಡಿಟಿಎಸ್ 1993ರ 'ಜುರಾಸಿಕ್ ಪಾರ್ಕ್' ಜತೆ, ಆಟ್ಮೋಸ್ 2012ರ 'ಬ್ರೇವ್' ಜತೆ. ಹಳೆಯ ಚಿತ್ರಗಳಿಗೆ ಹೋಮ್ ಥಿಯೇಟರಿನಿಂದ ಏನೂ ಪ್ರಯೋಜನವಿಲ್ಲ ಎಂದು ಇದರಿಂದ ತಿಳಿಯಬೇಕಿಲ್ಲ. ಎಡಬಲಗಳಲ್ಲಿ ಒಂದೇ ಸದ್ದಿದ್ದಾಗ ರಿಸೀವರಿನ 'ಡಾಲ್ಬಿ ಸರೌಂಡ್' ಅದನ್ನು ಗುರುತಿಸಿ ಅಷ್ಟನ್ನೂ ಸೆಂಟರಿಗೆ ಕಳಿಸುತ್ತದೆ. ಮೋನೊ ಚಿತ್ರ ಪೂರ್ತಿಯಾಗಿ ಒಂದು ಸೆಂಟರ್ ಸ್ಪೀಕರಿನ ಹೆಗಲ ಮೇಲೆ ನಿಲ್ಲುತ್ತದೆ.

ಆ ಸೆಂಟರನ್ನು ಪರೀಕ್ಷಿಸಲು ನಮ್ಮ ಸೀಮೆಯದೇ ದನಿ ಇದೆ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದಾಗ ಇಡೀ ದೇಶ ಕಿವಿಗೊಟ್ಟಿತು. ಅನಿಲ್ ಬಿಸ್ವಾಸ್ ಸಂಗೀತದ ಆ ಚಿತ್ರ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ವಿಜಯಪುರದಲ್ಲಿ ಆಕೆ ಕಟ್ಟಿಸಿದ ಅಮೀರ್ ಟಾಕೀಸ್ ಆ ಹೆಸರನ್ನು ಸಿನಿಮಾ ನೋಡುವವರ ನಾಲಗೆಯ ಮೇಲೆ ಉಳಿಸಿತು. ಆಕೆಯ ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಹಳೆಯ ಮೈಕಿನ ಮಿತಿಯಲ್ಲೂ ಆ ಕಂಠದಲ್ಲಿ ನಡುಸ್ಥಾಯಿಯ ತುಂಬು ಇದೆ, ಉಸಿರಿನ ತಿರುವುಗಳಿವೆ. ಕಳಪೆ ಸೆಂಟರಿನಲ್ಲಿ ಅದು ಮೂಗಿನಿಂದ ಬಂದಂತೆ, ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಜತೆಗೆ 1977ರ 'ಬಭ್ರುವಾಹನ' ಇರಲಿ. ರಾಜ್‌ಕುಮಾರ್ ಅರ್ಜುನನೂ ಬಭ್ರುವಾಹನನೂ ಆಗಿ ಎದುರುಬದುರು ನಿಂತು ಮಾತಿನಲ್ಲೇ ಕಾದಾಡುವ ಆ ಸನ್ನಿವೇಶಕ್ಕಿಂತ ಕಠಿಣವಾದ ಪರೀಕ್ಷೆ ಕನ್ನಡ ಮಾತಿಗೆ ನನಗೆ ಗೊತ್ತಿಲ್ಲ. ಮೂರನೆಯದಾಗಿ ನೀವು ಥಿಯೇಟರಿನಲ್ಲಿ ನೋಡಿ ಮೆಚ್ಚಿದ ಒಂದು ಹೊಸ ಚಿತ್ರ.

ಅಂಗಡಿಗೆ ಹೋಗುವಾಗ ಮನೆಯ ಹಿರಿಯರನ್ನೂ ಕರೆದೊಯ್ಯಿರಿ. ಅಂಗಡಿಯವರು ತಮ್ಮ ಡೆಮೊ ಹಚ್ಚುವ ಮೊದಲು ನಿಮ್ಮ ಪೆನ್‌ಡ್ರೈವ್ ಕೊಡಿ. ಸಬ್‌ವೂಫರ್ ಆಫ್ ಮಾಡಿಸಿ, ವಾಲ್ಯೂಮ್ ಮನೆಯ ಮಟ್ಟಕ್ಕೆ ಇಳಿಸಿ. ಬೇಸ್ ಇದ್ದಾಗ ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳುತ್ತವೆ, ಜೋರಾಗಿದ್ದಾಗ ಇನ್ನೂ ಚೆನ್ನಾಗಿ. ನಡುವಿನಲ್ಲಿ ಕೂತು ಕೇಳಿದ ಮೇಲೆ ಎರಡು ಮಾರು ಪಕ್ಕಕ್ಕೆ ಸರಿದು ಮತ್ತೆ ಕೇಳಿ. ಸೆಂಟರನ್ನು ಅಡ್ಡ ಮಲಗಿಸಿದ ಕೆಲವು ಮಾದರಿಗಳಲ್ಲಿ ಪಕ್ಕಕ್ಕೆ ಹೋದೊಡನೆ ಮಾತು ಮಂಕಾಗುತ್ತದೆ, ಜಮಖಾನದ ಅಂಚಿಗೆ ಕೂರುವವರ ಪಾಡು ಅದರಿಂದ ತಿಳಿಯುತ್ತದೆ. ಕೊನೆಗೆ ಹಿರಿಯರನ್ನು ಅವನೇನಂದ, ಇವನೇನಂದ ಎಂದು ಕೇಳಿ. ಅವರು ತಡವರಿಸದೆ ಹೇಳಿದರೆ ಆ ಸೆಂಟರ್ ಮನೆಗೆ ಬರಲಿ.

ಹಣ ಒಮ್ಮೆಗೇ ಹೊಂದದಿದ್ದರೆ ತೊಂದರೆಯಿಲ್ಲ. ಸೌಂಡ್‌ಬಾರಿಗೆ ಹೋಗುವ ಮೊದಲು ಒಮ್ಮೆ ಯೋಚಿಸಿ. ಟಿವಿಗಿಂತ ಅದು ಎಷ್ಟೋ ಮೇಲು, ಚಿಕ್ಕ ಕೋಣೆಗೆ ಒಪ್ಪುತ್ತದೆ, ಆದರೆ ಮುಂದೆ ಅದಕ್ಕೆ ನಿಮಗೆ ಬೇಕಾದ ಸ್ಪೀಕರ್ ಸೇರಿಸಲಾಗದು, ಒಳಗಿನ ಬೋರ್ಡ್ ಕೆಟ್ಟರೆ ಇಡೀ ಸೆಟ್ ಮೂಲೆಗೆ. ರಿಸೀವರಿನ ದಾರಿಯಲ್ಲಿ ಕಂತುಕಂತಾಗಿ ನಡೆಯಬಹುದು. ಮೊದಲ ಬಿಲ್ಲಿನಲ್ಲಿ ಐದು ಅಥವಾ ಏಳು ಚಾನೆಲಿನ ರಿಸೀವರ್, ಸೆಂಟರ್, ಎಡಬಲ. ಇಷ್ಟರಲ್ಲೇ ಸಿನಿಮಾದ ಮುಕ್ಕಾಲು ಸುಖ ಸಿಗುತ್ತದೆ. ಯುಗಾದಿಗೆ ಸಬ್‌ವೂಫರ್, ಮುಂದಿನ ಹಂಗಾಮಿಗೆ ಸರೌಂಡ್. ಒಳ್ಳೆಯ ಸ್ಪೀಕರ್ ಇಪ್ಪತ್ತು ವರ್ಷ ಬಾಳುತ್ತದೆ, ರಿಸೀವರಿನ ಕಿಂಡಿಗಳು ಏಳೆಂಟು ವರ್ಷಕ್ಕೆ ಹಳತಾಗುತ್ತವೆ. ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಆರು ರೂಪಾಯಿ ಸ್ಪೀಕರಿಗೆ ಹೋಗಲಿ.

ಮತ್ತೆ ರಾತ್ರಿ ಹತ್ತರ ಮೇಲೆ ಚಿತ್ರ ನೋಡುವವರು ರಿಸೀವರಿನಲ್ಲಿ 'ನೈಟ್ ಮೋಡ್' ಅಥವಾ 'ಡೈನಮಿಕ್ ರೇಂಜ್' ಎಂಬ ಆಯ್ಕೆ ಹುಡುಕಿ. ಅದು ಸ್ಫೋಟವನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಜನವಸತಿಯಲ್ಲಿ ರಾತ್ರಿಯ ಸದ್ದಿಗೆ ಕಾನೂನು ಇಟ್ಟಿರುವ ಮಿತಿ 45 ಡೆಸಿಬೆಲ್, ಪಕ್ಕದ ಮನೆಯವರ ಗೋಡೆಯೂ ನಿಮ್ಮದೂ ಬಹಳ ಕಡೆ ಒಂದೇ. ಆಗ ಸಬ್‌ವೂಫರಿನ ಮಟ್ಟವನ್ನೂ ಎರಡು ಮೂರು ಡೆಸಿಬೆಲ್ ಇಳಿಸಿ, ಸೆಂಟರಿನದನ್ನು ಅಷ್ಟೇ ಏರಿಸಿ. ಈ ಎರಡು ಬದಲಾವಣೆಗೆ ರಿಮೋಟಿನ ನಾಲ್ಕು ಗುಂಡಿ ಒತ್ತಿದರೆ ಸಾಕು.